ಅರ್ಥವೆಂಬ ಸಂಗಮ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಸಭೆಯಲ್ಲಿ ನಾಡುನುಡಿಗಳ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಚೆನ್ನಾಗಿ ನಿರ್ವಹಿಸಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನನಗೆ ಸಂಘದವರು ಬೇರೊಂದು ವಿಷಯವನ್ನು ಒಪ್ಪಿಸಿದ್ದಾರೆ. ವಿದ್ವಾಂಸರು ಸಭೆ ಸೇರಿ ‘ಅರ್ಥ’ವೆಂದರೇನು, ‘ಅರ್ಥಮಾಡಿಕೊಳ್ಳುವುದು’ ಎಂದರೇನು ಎಂದು ದಿನಗಟ್ಟಲೆ ಚರ್ಚಿಸುವುದುಂಟು. ಕಬ್ಬು ಬೆಳೆಯುವ, ಮಗ್ಗ ನಡೆಸುವ, ಅಂಗಡಿಯಲ್ಲಿ ಲೆಕ್ಕ ಬರೆಯುವ ನಮಗೆ ಅಂಥ ಗೋಷ್ಠಿಗಳಿಂದ ಏನು ಪ್ರಯೋಜನ? ಇದೇ ಪ್ರಶ್ನೆ. ಇದಕ್ಕೆ ನನಗೆ ತಿಳಿದಷ್ಟು ಉತ್ತರವನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಪಾಶ್ಚಾತ್ಯರು ಈ ಶಾಸ್ತ್ರವನ್ನು ಹರ್ಮನ್ಯೂಟಿಕ್ಸ್ ಎಂದು ಕರೆಯುತ್ತಾರೆ. ವ್ಯಾಖ್ಯಾನಿಸು, ತಿಳಿಯಹೇಳು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದ ಹೆಸರಿದು. ಕನ್ನಡದಲ್ಲಿ ಇದನ್ನು ವ್ಯಾಖ್ಯಾನಶಾಸ್ತ್ರ ಎನ್ನಬಹುದು, ಅರ್ಥಮೀಮಾಂಸೆ ಎಂದರೂ ಸಲ್ಲುತ್ತದೆ. ಧರ್ಮಗ್ರಂಥಗಳನ್ನೂ ಕಾನೂನನ್ನೂ ಪ್ರಾಚೀನ ಕಾವ್ಯಗಳನ್ನೂ ಹೇಗೆ ಓದಬೇಕೆಂಬ ನಿಯಮಗಳ ರೂಪದಲ್ಲಿ ಇದು ಅಲ್ಲಿ ಮೊದಲಾಯಿತು. ಜರ್ಮನಿಯ ಶ್ಲೈಯರ್‌ಮಾಖರ್ (1768–1834) ಈ ಬಿಡಿ ನಿಯಮಗಳನ್ನು ಒಟ್ಟುಗೂಡಿಸಿ, ಯಾವ ಮಾತನ್ನೇ ಆಗಲಿ ತಿಳಿಯುವುದು ಹೇಗೆಂಬ ಸಾಮಾನ್ಯ ಪ್ರಶ್ನೆಯನ್ನು ಎತ್ತಿದನು. ಆತನ ತರುವಾಯ ಬಂದ ಡಿಲ್ಥೈ (1833–1911) ಪ್ರಕೃತಿಯ ಘಟನೆಗಳನ್ನು ನಾವು ಕಾರಣಕೊಟ್ಟು ವಿವರಿಸುತ್ತೇವೆ, ಮನುಷ್ಯನ ಬಾಳನ್ನಾದರೋ ಅರಿಯಬೇಕಾಗುತ್ತದೆ ಎಂದನು. ಹೊಳೆಗೆ ಮಹಾಪೂರ ಬಂದುದಕ್ಕೆ ಕಾರಣವನ್ನು ಹೇಳಬಹುದು. ಮನೆ ಮುಳುಗಿದ ಮುದುಕಿ ಮತ್ತೆ ಅದೇ ದಂಡೆಯ ಮೇಲೆ ಗೋಡೆ ಕಟ್ಟಿಸುವುದನ್ನು ಅರ್ಥಮಾಡಿಕೊಳ್ಳಬೇಕು. ಇವೆರಡೂ ಬೇರೆ ಬೇರೆ ಬಗೆಯ ತಿಳಿವಳಿಕೆಗಳು.

ಈ ವಿಚಾರ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ವಾಕ್ಯದ ಅರ್ಥವನ್ನು ನಿರ್ಣಯಿಸುವುದಕ್ಕಾಗಿಯೇ ನಮ್ಮಲ್ಲಿ ಮೀಮಾಂಸೆಯೆಂಬ ಶಾಸ್ತ್ರ ಹುಟ್ಟಿತು. ಒಂದು ಗ್ರಂಥದ ತಾತ್ಪರ್ಯವನ್ನು ಕಾಣಲು ಹಿರಿಯರು 6 ಗುರುತುಗಳನ್ನು ಹೇಳಿದ್ದಾರೆ: ಉಪಕ್ರಮ ಮತ್ತು ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಮೊದಲಿನಲ್ಲಿಯೂ ಕೊನೆಯಲ್ಲಿಯೂ ಏನಿದೆ, ಮತ್ತೆ ಮತ್ತೆ ಬರುವ ಮಾತು ಯಾವುದು, ಬೇರೆಡೆ ದೊರೆಯದ ಹೊಸದೇನು, ಅದರಿಂದ ಆಗುವ ಪ್ರಯೋಜನವೇನು, ಯಾವುದನ್ನು ಹೊಗಳಿದೆ, ಯಾವುದಕ್ಕೆ ಯುಕ್ತಿಯನ್ನು ಕೊಟ್ಟಿದೆ ಎಂದು ನೋಡಬೇಕು. ಕೇಳಲು ಇದು ಕಠಿನವೆನಿಸೀತು. ಆದರೆ ಪರಸ್ಥಳದಲ್ಲಿ ಓದುವ ಮಗನ ಪತ್ರವನ್ನು ನಮ್ಮ ತಾಯಂದಿರು ಓದುತ್ತಿದ್ದುದು ಹೀಗೆಯೇ. ಮೊದಲಿಗೆ ಕ್ಷೇಮ, ಕೊನೆಗೆ ಕ್ಷೇಮ, ನಡುವೆ 3 ಸಲ ಫೀಯ ಪ್ರಸ್ತಾಪ. ಅಭ್ಯಾಸವೆಂಬ ಲಿಂಗದಿಂದ ತಾತ್ಪರ್ಯವನ್ನು ಹಿಡಿದು ಅವರು ಮಾರನೆಯ ದಿನವೇ ಮನಿಯಾರ್ಡರು ಮಾಡಿಸುತ್ತಿದ್ದರು. ಈಗ ಪತ್ರದ ಸ್ಥಾನಕ್ಕೆ ದೂರವಾಣಿ ಬಂದಿದೆ, ಮೀಮಾಂಸೆ ಬದಲಾಗಿಲ್ಲ.

ಆಲಂಕಾರಿಕರು ಕೊಡುವ ಇನ್ನೊಂದು ಪ್ರಸಿದ್ಧ ಉದಾಹರಣೆಯುಂಟು. ‘ಗಂಗೆಯಲ್ಲಿ ಹಳ್ಳಿಯಿದೆ’ ಎಂದರೆ ಗಂಗೆಯ ಪ್ರವಾಹದಲ್ಲಿ ಹಳ್ಳಿಯಿದೆ ಎಂದಲ್ಲ, ಗಂಗೆಯ ತೀರದಲ್ಲಿದೆ ಎಂದರ್ಥ. ವಾಚ್ಯಾರ್ಥಕ್ಕೆ ಬಾಧೆ ಬಂದಾಗ ಲಕ್ಷಣೆಯಿಂದ ಅರ್ಥವನ್ನು ಗ್ರಹಿಸಬೇಕು. ನಮ್ಮ ವಾಡಿಯೂ ಕುರುಂದವಾಡವೂ ಹೀಗೆಯೇ ಹೊಳೆಯ ಮೇಲಿವೆ. 2019ರ ಆಗಸ್ಟಿನ ಮಹಾಪೂರದಲ್ಲಾದರೋ ಲಕ್ಷಣೆಯ ಅವಶ್ಯಕತೆಯೇ ಉಳಿಯಲಿಲ್ಲ. ವಾಚ್ಯಾರ್ಥವೇ ಮನೆಯೊಳಗೆ ಬಂದಿತು. ಮಾತಿನ ಅರ್ಥವು ನಿಘಂಟಿನಲ್ಲಿ ಭದ್ರವಾಗಿ ಕುಳಿತಿರುವುದಿಲ್ಲ, ಅದು ಕಾಲದೇಶಗಳ ಜೊತೆಗೆ ನಡೆಯುತ್ತಿರುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಒಂದು ಶಬ್ದದ ಅರ್ಥದ ಮೇಲೆ ಒಂದು ಮನೆತನದ ಆಸ್ತಿಯೇ ನಿಂತಿರುವುದುಂಟು. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ (1076–1126) ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಸ್ಮೃತಿಯಲ್ಲಿ ‘ಸಪಿಂಡ’ ಎಂಬ ಪದವಿದೆ. ಪಿಂಡವೆಂದರೆ ದೇಹ; ಒಂದೇ ದೇಹದ ಅಂಶವನ್ನು ಹಂಚಿಕೊಂಡವರು ಸಪಿಂಡರು ಎಂಬುದು ವಿಜ್ಞಾನೇಶ್ವರನ ಅರ್ಥ. ಪಿಂಡವೆಂದರೆ ಶ್ರಾದ್ಧದಲ್ಲಿ ಇಡುವ ಪಿಂಡ ಎಂಬುದು ಬಂಗಾಳದ ಜೀಮೂತವಾಹನನ ದಾಯಭಾಗದ ಅರ್ಥ. ಸ್ಮೃತಿಯೂ ಒಂದೇ, ಶಬ್ದವೂ ಒಂದೇ; ವ್ಯಾಖ್ಯಾನ ಮಾತ್ರ ಬೇರೆ. ಅದರ ಫಲವಾಗಿ ಬಂಗಾಳದ ಕಡೆ ಉತ್ತರಾಧಿಕಾರದ ಕ್ರಮವೇ ಬೇರೆಯಾಯಿತು, ದೇಶದ ಬಹುಭಾಗದಲ್ಲಿ ಮಿತಾಕ್ಷರೆಯ ಕ್ರಮ ನಡೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ, ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟ 2005ರ ತಿದ್ದುಪಡಿಯೂ ಬರುವ ತನಕ, ಕಲ್ಯಾಣದ ಒಬ್ಬ ಪಂಡಿತನು ಮಾಡಿದ ಅರ್ಥವು ಎಷ್ಟು ಹೊಲಮನೆಗಳ ಭಾಗವನ್ನು ಹಂಚಿತೆಂಬುದನ್ನು ಎಣಿಸಲಾಗದು. ಅರ್ಥಮೀಮಾಂಸೆ ಪಂಡಿತರ ಕಾಲಕ್ಷೇಪವಲ್ಲವೆಂದು ಹೇಳಲು ಈ ಒಂದು ಸಂಗತಿಯೇ ಸಾಕು.

ಇನ್ನು ಇಪ್ಪತ್ತನೆಯ ಶತಮಾನಕ್ಕೆ ಬರೋಣ. 1960ನೆಯ ಇಸವಿಯನ್ನು ತಾವು ಮರೆಯಲಾರಿರಿ. ಪಟವರ್ಧನ ಅರಸರ ಸಂಸ್ಥಾನವಾಗಿದ್ದ ನಮ್ಮೂರು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿತ್ತು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯದಲ್ಲಿ ಸೇರಿತು. ಊರು ಇದ್ದಲ್ಲಿಯೇ ಇತ್ತು. ಕಾಗದದ ಮೇಲಿನ ವಿಳಾಸ ಬದಲಾಯಿತು. ಅದೇ ವರ್ಷ ಜರ್ಮನಿಯಲ್ಲಿ ಹಾನ್ಸ್ ಗಯೋರ್ಗ್ ಗಾಡಮರ್ (1900–2002) ಎಂಬ ತತ್ತ್ವಜ್ಞನ ‘ಸತ್ಯ ಮತ್ತು ವಿಧಾನ’ ಎಂಬ ಗ್ರಂಥ ಪ್ರಕಟವಾಯಿತು. ಜಮಖಂಡಿಯಲ್ಲಿ ಜನಿಸಿ ನಿಂಬಾಳದಲ್ಲಿ ನೆಲೆಸಿದ ಗುರುದೇವ ರಾನಡೆಯವರು (1886–1957) ಕನ್ನಡ ಸಾಹಿತ್ಯದಲ್ಲಿನ ಪರಮಾರ್ಥ ಪಥವನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವೂ ಅವರ ನಿಧನದ ನಂತರ ಅದೇ ವರ್ಷ ಬೆಳಕು ಕಂಡಿತು. ಮಹಾರಾಷ್ಟ್ರದ ಸಂತರ ಅನುಭಾವವನ್ನು ಕುರಿತ ಅವರ ಹಿರಿಯ ಕೃತಿ 1933ರಷ್ಟು ಹಿಂದೆಯೇ ಬಂದಿತ್ತು. ಜ್ಞಾನೇಶ್ವರ ತುಕಾರಾಮರನ್ನೂ ನಮ್ಮ ಶರಣರು ದಾಸರನ್ನೂ ಒಬ್ಬನೇ ಓದುಗನು ಒಂದೇ ಶ್ರದ್ಧೆಯಿಂದ ಓದಬಹುದೆಂಬುದನ್ನು ಅವರು ಮಾಡಿ ತೋರಿಸಿದರು. ಗಡಿಯ ಗೆರೆ ಗಟ್ಟಿಯಾದ ವರ್ಷದಲ್ಲಿಯೇ ಗಡಿಯನ್ನು ದಾಟುವ ಈ ಎರಡು ಗ್ರಂಥಗಳು ಬಂದುದು ಕಾಕತಾಳೀಯವಿರಬಹುದು. ನಮಗೆ ಮಾತ್ರ ಅದು ನೆನಪಿಡತಕ್ಕ ಕಾಕತಾಳೀಯ.

ಗಾಡಮರರ ಮುಖ್ಯ ಮಾತುಗಳು ಎರಡು. ಮೊದಲನೆಯದು, ಯಾರೂ ಬರಿಯ ಮನಸ್ಸಿನಿಂದ ಓದುವುದಿಲ್ಲ. ನಾವು ಹುಟ್ಟಿದ ಮನೆ, ಆಡಿದ ಭಾಷೆ, ಕೇಳಿದ ಕಥೆ ಇವೆಲ್ಲ ಸೇರಿ ನಮ್ಮೊಳಗೆ ಒಂದು ಮುನ್ನರಿವನ್ನು ಕಟ್ಟಿರುತ್ತವೆ. ಅದನ್ನು ಪೂರ್ವಗ್ರಹವೆಂದು ಜರೆದು ಎಸೆಯಲಾಗದು. ಅದಿಲ್ಲದೆ ಅರಿವು ಪ್ರಾರಂಭವೇ ಆಗದು. ಮಾಡಬೇಕಾದುದೇನೆಂದರೆ ಅದನ್ನು ಗುರುತಿಸಿ, ಎದುರಿನ ಮಾತಿಗೆ ಒಡ್ಡಿ, ತಿದ್ದಿಕೊಳ್ಳುವುದು. ನಮ್ಮ ತರಗತಿಗಳಲ್ಲಿ ಇದು ನಿತ್ಯದ ಅನುಭವ. ಕನ್ನಡ ಮನೆಯ ಮಗು ‘ಆಯಿ ಕರೀತಾಳ’ ಎಂದರೆ ಅಜ್ಜಿ ಕರೆಯುತ್ತಾಳೆ ಎಂದರ್ಥ. ಪಕ್ಕದಲ್ಲಿ ಕುಳಿತ ಮರಾಠಿ ಮನೆಯ ಮಗುವಿಗೆ ಆಯಿ ಎಂದರೆ ತಾಯಿ. ಇಬ್ಬರೂ ಸುಳ್ಳಾಡಲಿಲ್ಲ, ಇಬ್ಬರೂ ತಪ್ಪಾಗಿ ಕೇಳಲಿಲ್ಲ. ‘ನಿಮ್ಮ ಮನೆಯಲ್ಲಿ ಆಯಿ ಎಂದರೆ ಯಾರು?’ ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದ ಕ್ಷಣದಲ್ಲಿ ಅರ್ಥಮೀಮಾಂಸೆ ಮೊದಲಾಗುತ್ತದೆ. ಆ ಪ್ರಶ್ನೆಯನ್ನು ಕೇಳದೆ ನಗುವುದು ಸುಲಭ. ನಗುವಿನಿಂದ ಜಗಳ ಇನ್ನೂ ಸುಲಭ.

ಎರಡನೆಯದು, ಅರಿವು ಎಂಬುದು ಸಂವಾದ. ನನ್ನ ದಿಗಂತವೊಂದಿದೆ, ಗ್ರಂಥದ ದಿಗಂತ ಇನ್ನೊಂದಿದೆ. ಓದುವಿಕೆಯಲ್ಲಿ ಅವೆರಡೂ ಕೂಡಿಕೊಳ್ಳುತ್ತವೆ. ಇದನ್ನು ನಾನು ವಿದ್ಯಾರ್ಥಿಗಳಿಗೆ ವಿವರಿಸುವಾಗ ನರಸೋಬನ ವಾಡಿಯ ಸಂಗಮವನ್ನು ತೋರಿಸುತ್ತೇನೆ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿಗಳ ಜೊತೆಗೆ ಗುಪ್ತಗಾಮಿನಿಯೆಂದು ನಂಬಿದ ಸರಸ್ವತಿಯನ್ನೂ ಎಣಿಸಿ ಪಂಚಗಂಗೆ ಎನಿಸಿಕೊಂಡ ಹೊಳೆ ಅಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಎರಡು ನೀರು ಒಂದಾಗುತ್ತವೆ.

ಆದರೆ ಸಭಿಕರೇ, ಇಲ್ಲಿಯೇ ನಮ್ಮ ಎದೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸಂಗಮದ ಕೆಳಗೆ ಹೊಳೆಯ ಹೆಸರು ಕೃಷ್ಣೆ ಎಂದೇ. ಪಂಚಗಂಗೆಯ ನೀರು ಉಳಿಯಿತು, ಹೆಸರು ಉಳಿಯಲಿಲ್ಲ. ದೊಡ್ಡದರೊಡನೆ ಚಿಕ್ಕದು ಕೂಡಿದಾಗ ಚಿಕ್ಕದರ ಗತಿ ಇದೇ ಏನು? ಗಡಿಯಲ್ಲಿ ಕನ್ನಡವನ್ನು ಆಡುವ ಪ್ರತಿಯೊಂದು ಮನೆಯ ಅಳುಕು ಇದು. ಕಚೇರಿಯ ಅರ್ಜಿ ಒಂದು ಭಾಷೆಯಲ್ಲಿ, ಮೇಲಿನ ಓದು ಇನ್ನೊಂದು ಭಾಷೆಯಲ್ಲಿ, ದೇವರ ಮುಂದಿನ ಹಾಡು ಮಾತ್ರ ಕನ್ನಡದಲ್ಲಿ ಎಂದಾದರೆ, ಸಂವಾದವೆಂಬ ಸವಿಮಾತು ನಮಗೆ ಎಷ್ಟರ ಮಟ್ಟಿಗೆ ಸಲ್ಲುತ್ತದೆ?

ಈ ಪ್ರಶ್ನೆಯನ್ನು ವಿದ್ವಾಂಸರೂ ಕೇಳಿದ್ದಾರೆ. ಜರ್ಮನಿಯ ಹಾಬರ್‌ಮಾಸರು 1967ರಲ್ಲಿ ಗಾಡಮರರನ್ನು ವಿಮರ್ಶಿಸುತ್ತ, ಭಾಷೆಯು ಅಧಿಕಾರದ ಸಾಧನವೂ ಆಗಬಲ್ಲದು. ಪರಂಪರೆಯೊಡನೆ ಸಂವಾದ ಎಂದಾಗ ಆ ಪರಂಪರೆಯಲ್ಲಿ ಯಾರ ಬಾಯಿ ಮುಚ್ಚಿಸಲಾಗಿತ್ತು ಎಂಬುದನ್ನೂ ನೋಡಬೇಕು ಎಂಬರ್ಥದ ಆಕ್ಷೇಪವನ್ನು ಮುಂದಿಟ್ಟರು. ಇನ್ನೊಂದು ಆಕ್ಷೇಪ ಬಂದದ್ದು ಒಂದು ಗೋಷ್ಠಿಯಲ್ಲಿಯೇ. 1981ರ ಏಪ್ರಿಲಿನಲ್ಲಿ ಪ್ಯಾರಿಸಿನ ಗಯಟೆ ಸಂಸ್ಥೆಯಲ್ಲಿ ಗಾಡಮರರೂ ಫ್ರಾನ್ಸಿನ ಜಾಕ್ ಡೆರಿಡಾ ಅವರೂ ಎದುರುಬದುರಾದರು. ಒಬ್ಬರನ್ನೊಬ್ಬರು ಅರಿಯಬೇಕೆಂಬ ಸದಿಚ್ಛೆಯಿಂದ ಸಂವಾದ ನಡೆಯುತ್ತದೆಂಬುದು ಗಾಡಮರರ ನಿಲುವು. ಆ ಸದಿಚ್ಛೆಯೊಳಗೇ ಎದುರಾಳಿಯನ್ನು ತನ್ನೊಳಗೆ ಸೇರಿಸಿಕೊಂಡುಬಿಡುವ ಹಟವಿಲ್ಲವೇ ಎಂಬ ಧಾಟಿಯಲ್ಲಿ ಡೆರಿಡಾ 3 ಪ್ರಶ್ನೆಗಳನ್ನು ಕೇಳಿದರು. ಪ್ರಶ್ನೆಗಳನ್ನು ತಿಳಿಯಲು ತಮಗೆ ಕಷ್ಟವಾಗುತ್ತಿದೆಯೆಂದು ಹಿರಿಯರು ಉತ್ತರಿಸಿದರು. ಅರಿವನ್ನು ಕುರಿತ ಸಭೆಯಲ್ಲಿಯೇ ಅರಿವು ಕೂಡಿಬರಲಿಲ್ಲವೆಂದು ಅನೇಕರು ನಿರಾಶರಾದರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗಾಡಮರರು ತೀರಿಕೊಂಡ ಮರುವರ್ಷ, 2003ರಲ್ಲಿ, ಅವರ ಸ್ಮರಣೆಗಾಗಿ ಹೈಡಲ್‌ಬರ್ಗಿನಲ್ಲಿ ನಡೆದ ಸಭೆಯಲ್ಲಿ ಡೆರಿಡಾ ಅವರೇ ಉಪನ್ಯಾಸ ಮಾಡಿದರು. ಅಂದು ತಡೆದುಹೋದಂತೆ ಕಂಡ ಮಾತು ತಮ್ಮೊಳಗೆ ನಿಲ್ಲದೆ ನಡೆದೇ ಇತ್ತೆಂಬುದು ಅದರ ಭಾವ. ಇಪ್ಪತ್ತೆರಡು ವರ್ಷಗಳ ಮೇಲೆ ಬಂದ ಉತ್ತರವೂ ಉತ್ತರವೇ.

ಈ ಕಥೆಯನ್ನು ಓದಿದಾಗ ಕನ್ನಡಿಗನಿಗೆ ಶೂನ್ಯಸಂಪಾದನೆಯ ನೆನಪು ಬಾರದಿರದು. ಅದು ಆದ್ಯಂತ ಗೋಷ್ಠಿಯೇ. ಅಣ್ಣನಾದ ಅಜಗಣ್ಣನ ಅಗಲಿಕೆಯಿಂದ ಶೋಕಿಸುತ್ತಿದ್ದ ಮುಕ್ತಾಯಕ್ಕನ ಬಳಿಗೆ ಅಲ್ಲಮಪ್ರಭು ಬರುತ್ತಾನೆ. ಅವನು ಹೇಳಿದುದನ್ನೆಲ್ಲ ಆಕೆ ತಲೆಬಾಗಿಸಿ ಒಪ್ಪಿಕೊಳ್ಳುವುದಿಲ್ಲ. ಮಾತನ್ನು ಮೀರಿದೆನೆನ್ನುವ ನಿಮಗೆ ಮಾತಿನ ಅವಲಂಬನೆ ಇನ್ನೂ ಬಿಟ್ಟಿಲ್ಲವಲ್ಲ ಎಂದು ಪ್ರಭುವನ್ನೇ ಪ್ರಶ್ನಿಸುತ್ತಾಳೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅದೇ ಪ್ರಭು ನಿಷ್ಠುರವಾಗಿ ಪರೀಕ್ಷಿಸುತ್ತಾನೆ. ಉಡುಗೆಯನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆ ಎಂದು ಕೇಳುತ್ತಾನೆ. ಆಕೆ ಪ್ರಶ್ನೆಗೆ ಹೆದರದೆ ಒಂದೊಂದಕ್ಕೂ ತನ್ನದೇ ಆದ ಉತ್ತರವನ್ನು ಕೊಡುತ್ತಾಳೆ. ಪ್ರಶ್ನೆ ಎಷ್ಟು ಕಠೋರವೋ ಗೌರವ ಅಷ್ಟೇ ಆಳ. ಕೇಳುವವನು ಹಿರಿಯನೆಂದು ಹೇಳುವವಳು ಕಿರಿದಾಗಲಿಲ್ಲ. ಗೋಷ್ಠಿಯ ಧರ್ಮ ಇದು.

ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ಶರಣರು ಬಾಳಿದ್ದು ಹನ್ನೆರಡನೆಯ ಶತಮಾನದಲ್ಲಿ. ಶೂನ್ಯಸಂಪಾದನೆ ರೂಪುಗೊಂಡದ್ದು ಸುಮಾರು ಹದಿನೈದು ಹದಿನಾರನೆಯ ಶತಮಾನಗಳಲ್ಲಿ. ಬಿಡಿಬಿಡಿಯಾಗಿದ್ದ ವಚನಗಳನ್ನು ಆಯ್ದು, ಇದು ಪ್ರಶ್ನೆ ಇದು ಉತ್ತರ ಎಂದು ಜೋಡಿಸಿ, ಸಂವಾದವಾಗಿ ಕಟ್ಟಿದವರು ಸಂಪಾದಕರು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಎಂದು ನಾಲ್ವರು ಅದನ್ನು ನಾಲ್ಕು ಬಗೆಯಾಗಿ ಸಂಪಾದಿಸಿದರು. ಸಿದ್ಧರಾಮನ ಇಷ್ಟಲಿಂಗ ದೀಕ್ಷೆಯ ಪ್ರಸಂಗ ಮೊದಲನೆಯದರಲ್ಲಿ ಇಲ್ಲ, ಮುಂದೆ ಸೇರಿತು. ಎಂದರೆ ಪ್ರತಿಯೊಬ್ಬ ಸಂಪಾದಕನೂ ಹಿಂದಿನವನನ್ನು ಓದಿ, ಅರ್ಥಮಾಡಿಕೊಂಡು, ಒಪ್ಪದೆಡೆ ಬೇರೆ ಮಾಡಿದನು. ಗಾಡಮರರು ಗ್ರಂಥದಲ್ಲಿ ಬರೆದುದನ್ನು ನಮ್ಮವರು ಓಲೆಗರಿಯ ಮೇಲೆ ಮಾಡಿ ತೋರಿಸಿದ್ದರು. ಆ ಓಲೆಗರಿಗಳು ಕಟ್ಟಿನಲ್ಲಿಯೇ ಉಳಿದಿದ್ದರೆ ನಮಗೇನು ದಕ್ಕುತ್ತಿತ್ತು? ವಿಜಾಪುರದ ಫ. ಗು. ಹಳಕಟ್ಟಿಯವರು (1880–1964) ಮನೆಮನೆ ಅಲೆದು ವಚನಗಳ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಮೇಲೆಯೇ ಅವು ಸಾಮಾನ್ಯರ ಕೈಗೆ ಬಂದವು.

ಕಟ್ಟಿನಲ್ಲಿಯೇ ಉಳಿದುದರ ಕಥೆಯೂ ಒಂದುಂಟು. ಜೈನಾಗಮಗಳಲ್ಲಿ ಪರಮಪೂಜ್ಯವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದಿತ್ತು. ಭಕ್ತರು ಅದರ ದರ್ಶನ ಪಡೆದು ಕೈಮುಗಿದು ಹಿಂದಿರುಗುತ್ತಿದ್ದರು. ಅದು ಪೂಜೆಗೆ ಸಂದಿತು, ಓದಿಗೆ ಸಲ್ಲಲಿಲ್ಲ. ಹೀರಾಲಾಲ ಜೈನರು ಮೊದಲಾದ ವಿದ್ವಾಂಸರ ಪ್ರಯತ್ನದಿಂದ 1939ರಿಂದ 1958ರವರೆಗೆ 16 ಸಂಪುಟಗಳಾಗಿ ಅದು ಅಚ್ಚಾಯಿತು. ಆ ಕಾರ್ಯಕ್ಕೆ ನೆರವಾದವರಲ್ಲಿ ನಮ್ಮ ನೆರೆಯ ಸದಲಗಾದಲ್ಲಿ ಹುಟ್ಟಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯನ್ನು ಬೋಧಿಸಿದ ಡಾ. ಆ. ನೇ. ಉಪಾಧ್ಯೆಯವರೂ (1906–1975) ಒಬ್ಬರು. ಪ್ರವಚನಸಾರವನ್ನು 1935ರಲ್ಲಿಯೂ ಪರಮಾತ್ಮಪ್ರಕಾಶವನ್ನು 1937ರಲ್ಲಿಯೂ ಪ್ರತಿಗಳನ್ನು ಹೋಲಿಸಿ ಶುದ್ಧಪಾಠದೊಂದಿಗೆ ಅವರು ಪ್ರಕಟಿಸಿದರು. ಮರಾಠಿ ಪರಿಸರದಲ್ಲಿ ದುಡಿದ ಈ ವಿದ್ವಾಂಸರನ್ನೇ ಕನ್ನಡಿಗರು 1967ರ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಆರಿಸಿದರು. ಸಂಗಮದಲ್ಲಿ ಹೆಸರು ಕಳೆಯಲೇಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇವರ ಬಾಳು ಸಾಕ್ಷಿ.

ಈಗ ನಮ್ಮ ಅಳುಕಿಗೆ ಉತ್ತರ ಹೇಳುವ ಕಾಲ ಬಂದಿತು. ನದಿಗೆ ಆಯ್ಕೆಯಿಲ್ಲ, ಇಳಿಜಾರಿದ್ದಲ್ಲಿ ಅದು ಹರಿಯಲೇಬೇಕು. ಮನುಷ್ಯನಿಗೆ ಆಯ್ಕೆಯುಂಟು. ಸಂವಾದಕ್ಕೆ ಇಬ್ಬರು ಬೇಕು. ಇಬ್ಬರಲ್ಲಿಯೂ ಹೇಳಲು ತಮ್ಮದೊಂದು ಮಾತಿರಬೇಕು. ತನ್ನ ನೀರೇ ಬತ್ತಿದ ಹೊಳೆ ಸಂಗಮಕ್ಕೆ ಏನನ್ನು ತಂದೀತು? ಕನ್ನಡವನ್ನು ಚೆನ್ನಾಗಿ ಓದಿದ ಮಗು ಮರಾಠಿಯನ್ನು ಹಗೆಯೆಂದು ಬಗೆಯುವುದಿಲ್ಲ. ತನ್ನ ‘ಆಯಿ’ಯ ಅರ್ಥವನ್ನು ಬಲ್ಲುದರಿಂದಲೇ ನೆರೆಯವನ ‘ಆಯಿ’ಯನ್ನು ಕೇಳಿ ತಿಳಿಯುತ್ತದೆ. ತನ್ನದನ್ನು ಅರಿಯದ ಮಗುವಿಗೆ ಎರಡೂ ಪರಕೀಯ. ಅಧಿಕಾರದ ತೂಕ ಒಂದೇ ಕಡೆಗಿದ್ದಾಗ ನ್ಯಾಯವನ್ನು ಕೇಳುವುದು ನಮ್ಮ ಹಕ್ಕು, ಅದನ್ನು ಬಿಡಬೇಕಾಗಿಲ್ಲ. ಆದರೆ ಯಾವ ಸರಕಾರವೂ ಯಾವ ಆಯೋಗವೂ ನಮ್ಮ ಪರವಾಗಿ ಪುಸ್ತಕವನ್ನು ತೆರೆದು ಓದಲಾರದು. ನವೆಂಬರಿನಲ್ಲಿ ಕನ್ನಡಕ್ಕೆ ಹೂಮಾಲೆ ಹಾಕಿ ವರ್ಷವೆಲ್ಲ ಅದನ್ನು ತೆರೆಯದಿದ್ದರೆ, ತಾಳೆಗರಿಯ ಕಟ್ಟಿಗೆ ಕೈಮುಗಿದು ಹಿಂದಿರುಗಿದವರಿಗೂ ನಮಗೂ ಏನು ಭೇದ?

ಆದುದರಿಂದ ಸಂಘಕ್ಕೆ ಮೂರು ವಿನಂತಿಗಳನ್ನು ಸಲ್ಲಿಸುತ್ತೇನೆ. ಮೊದಲನೆಯದು, ತಿಂಗಳಿಗೊಮ್ಮೆ ಒಂದು ಅರ್ಥಗೋಷ್ಠಿ ನಡೆಯಲಿ. ಭಾಷಣ ಬೇಡ, ಒಂದು ವಚನವನ್ನೋ ಒಂದು ಕೀರ್ತನೆಯನ್ನೋ ನಡುವೆ ಇಟ್ಟುಕೊಂಡು ಒಕ್ಕಲಿಗರೂ ನೇಕಾರರೂ ಗೃಹಿಣಿಯರೂ ತಮಗೆ ಕಂಡ ಅರ್ಥವನ್ನು ಹೇಳಲಿ. ತುಕಾರಾಮರ ಅಭಂಗವೊಂದನ್ನು ತರುವ ಮರಾಠಿ ಮಿತ್ರರಿಗೂ ಅಲ್ಲಿ ಆಸನವಿರಲಿ. ಎರಡನೆಯದು, ನಮ್ಮ ಶಿರೋಳ ತಾಲೂಕಿನ ಖಿದ್ರಾಪುರಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯೋಣ. ಕೋಪೇಶ್ವರ ದೇಗುಲದ ಸ್ವರ್ಗಮಂಟಪವನ್ನು ನೋಡಿ ಬೆರಗಾಗಿ ಬರುವವರು ಬಹಳ. ಅಲ್ಲಿಯ ಶಾಸನಗಳಲ್ಲಿ ಬಹುಪಾಲು ಹಳಗನ್ನಡದವೆಂಬುದನ್ನು ಬಲ್ಲವರು ಕಡಿಮೆ. ಯಾದವ ಸಿಂಘಣನ ಸಂಸ್ಕೃತ ಶಾಸನವೂ ಅದೇ ಗುಡಿಯ ಗೋಡೆಯಲ್ಲಿದೆ. ಎರಡು ನುಡಿಗಳು ಒಂದೇ ದೇವರ ಮನೆಯಲ್ಲಿ ನೂರಾರು ವರ್ಷ ಜೊತೆಗಿದ್ದುದನ್ನು ಮಕ್ಕಳು ಕಣ್ಣಾರೆ ಕಾಣಲಿ. ಸವೆದ ಅಕ್ಷರವೊಂದನ್ನು ಬೆರಳಿನಿಂದ ತಡವಿ ಗುರುತಿಸಿದ ಹುಡುಗನಿಗೆ ಭಾಷಾಭಿಮಾನವನ್ನು ಬೇರೆ ಬೋಧಿಸಬೇಕಾಗುವುದಿಲ್ಲ. ಮೂರನೆಯದು, ಪ್ರತಿ ಮನೆಯ ಒಬ್ಬ ವಿದ್ಯಾರ್ಥಿ ತನ್ನ ಅಜ್ಜಿಯ ಬಾಯಿಂದ ಈಗ ಮರೆಯಾಗುತ್ತಿರುವ ಮಾತುಗಳನ್ನು ಕೇಳಿ, ಅರ್ಥದೊಂದಿಗೆ ಬರೆದು ತರಲಿ. ಬೀಸುವ ಕಲ್ಲಿನ ಹಾಡು, ಹೊಲದ ಕೆಲಸದ ಶಬ್ದ, ನಂಟಸ್ತನದ ಹೆಸರು ಯಾವುದಾದರೂ ಆಗಬಹುದು. ಮುಂದಿನ ಸಂಚಿಕೆಯಲ್ಲಿ ಅವು ಅಚ್ಚಾಗಲಿ.

ದೊಡ್ಡ ಪಟ್ಟಣಗಳ ಗೋಷ್ಠಿಗಳಲ್ಲಿ ಪಂಡಿತರು ನಡೆಸುವ ವಿಚಾರದ ಸಾರವು ಇಷ್ಟು ಸರಳ: ಎದುರಿನವನ ಮಾತಿನಲ್ಲಿ ಸತ್ಯವಿರಬಹುದೆಂದು ನಂಬಿ ಕೇಳುವುದು, ನಮ್ಮ ಮಾತಿನಲ್ಲಿ ಸತ್ಯವಿದೆಯೆಂದು ನಂಬಿ ಹೇಳುವುದು. ಕೇಳುವುದನ್ನು ಬಿಟ್ಟವನು ಹಟಮಾರಿಯಾಗುತ್ತಾನೆ. ಹೇಳುವುದನ್ನು ಬಿಟ್ಟವನು ಮೂಕನಾಗುತ್ತಾನೆ. ಗಡಿಯಲ್ಲಿ ಬಾಳುವ ನಮಗೆ ಎರಡೂ ಸಲ್ಲವು.